ಮರದ ಕಿವಿಗಲ್ಲು

ಏಳು ಮುಲುಕ್ ದಿನ

ಇವರು ಬಂದಿಲ್ಲ. ಹೊಳೆಯ ತಿರುವಿನ ಕಾಳಗಕ್ಕೆ ಹೋದವರಲ್ಲಿ ಅರ್ಧದಷ್ಟು ಜನವೂ ವಾಪಸಾಗಿಲ್ಲ. ಬಂದವರು ಮಾತಾಡುವ ಸ್ಥಿತಿಯಲ್ಲಿಲ್ಲ. ಮೈದುನ ಕೆಲೆಮ್ ತನ್ನ ಕುಂಟು ಕಾಲು ಎಳೆದುಕೊಂಡು ಅರಮನೆಯ ಮೆಟ್ಟಿಲ ತನಕ ಹೋಗಿ ವಿಚಾರಿಸಿ ಬಂದ.

"ಅಣ್ಣ ಬಿದ್ದಿಲ್ಲ ಅತ್ತಿಗೆ. ಕೆಂಪುದಂಡೆಯವರು ಕೂದಲು ಹಿಡಿದು ಎಳಕೊಂಡು ಹೋಗಿದ್ದನ್ನ ನೋಡಿದವರಿದ್ದಾರೆ. ಕೈಗೆ ಹಗ್ಗ ಕಟ್ಟಿದ್ರಂತೆ."

ಹಗ್ಗ ಕಟ್ಟಿದ್ದಾರೆ ಅಂದರೆ ಜೀವ ಇದೆ. ಸತ್ತವರಿಗೆ ಯಾರು ಹಗ್ಗ ಕಟ್ಟುತ್ತಾರೆ? ನಾನು ಹಾಗೆ ಹೇಳಿದ್ದಕ್ಕೆ ಅತ್ತೆ ಒಲೆಯ ಮುಂದಿನಿಂದ ತಿರುಗದೆಯೇ ಅಂದರು:

"ಹಗ್ಗ ಬಿದ್ದವನು ಹೋದವನೇ. ಅಳೋದಿದ್ರೆ ಇವತ್ತೇ ಅತ್ತು ಮುಗಿಸು. ನಾಳೆ ಜೋಳ ಬೇಯಿಸೋದಿದೆ."

ಹೆತ್ತ ತಾಯಿ ಆಡುವ ಮಾತೇ ಇದು? ನಾನು ಅಳಲಿಲ್ಲ. ಅಳುವುದಕ್ಕೆ ಕಾರಣ ಇಲ್ಲ. ಮಗಳು ಸುನೂನ್, ಅಪ್ಪ ಎಲ್ಲಿ ಅಂತ ಕೇಳಿದಳು. ದಾರಿಯಲ್ಲಿದ್ದಾರೆ ಅಂದೆ.

ನನ್ನಪ್ಪ ಅರಮನೆಯ ಬರಹಗಾರ. ಅವನು ಕತ್ತರಿಸಿ ಬಿಟ್ಟ ಕಾಗದದ ಅಂಚುಗಳು ನನ್ನ ಹತ್ತಿರ ಒಂದು ಬುಟ್ಟಿ ಇವೆ. ಈ ಮನೆಯಲ್ಲಿ ಓದು ಬರುವುದು ನನಗೊಬ್ಬಳಿಗೇ. ಬರೆಯದಿದ್ದರೆ ಕಿರುಚಿಬಿಡುತ್ತೇನೆ ಅನಿಸಿತು, ಬರೆದೆ.

ಹನ್ನೊಂದು ಬೆನ್

ಸಭಾಮನೆಯಿಂದ ಹಿರಿಯ ಪಾಶ್ ಬಂದಿದ್ದ. ಅವನ ಕಿವಿಗಲ್ಲು ಎಷ್ಟು ಭಾರ ಎಂದರೆ ಕಿವಿಯ ಹಾಲೆ ಜೋತು ಹೆಗಲಿಗೆ ತಾಗುತ್ತದೆ. ಕೋಕೋ ಕುಡಿದು, ಇನ್ನಷ್ಟು ಕೇಳಿ ಕುಡಿದು, ಆಮೇಲೆ ಬಂದ ಕೆಲಸ ಹೇಳಿದ. ಸಭೆಯಲ್ಲಿ ಇವರ ಆಸನ ಖಾಲಿ ಇದೆ. ತೆನೆಹಬ್ಬಕ್ಕೆ ಮುಂಚೆ ಅದನ್ನು ತುಂಬಬೇಕು. ತುಂಬಬೇಕಾದರೆ ಮೊದಲು ಇವರನ್ನು ಹೂಳಬೇಕು. ಹೂಳಿದರೆ ಆಸನ ತಮ್ಮನಿಗೆ ಬರುತ್ತದೆ. ಇಲ್ಲದಿದ್ದರೆ ಬೇರೆ ಮನೆಗೆ ಹೋಗುತ್ತದೆ.

"ಹೂಳೋಕೆ ಹೆಣ ಎಲ್ಲಿದೆ?" ಅಂದೆ.

"ಬಟ್ಟೆಗಂಟು ಸಾಕಮ್ಮ. ಗಂಟಿನ ಎರಡು ಕಡೆ ಕಿವಿಗಲ್ಲು ಇಟ್ರೆ ಅದೇ ಮನುಷ್ಯ."

"ಉಸಿರಾಡ್ತಿರೋರಿಗೆ ಗುಂಡಿ ತೋಡೋ ಪದ್ಧತಿ ಯಾವ ಊರಲ್ಲಿದೆ?"

"ಈಗ ಅವನ ಕಿವಿಯಲ್ಲಿ ಏನಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕಾಗದದ ಪಟ್ಟಿ. ಸೆರೆಯವರಿಗೆ ನಾವೂ ಅದನ್ನೇ ಹಾಕ್ತೀವಿ. ಉಸಿರು ಓಡಾಡೋದು ಕಲ್ಲಿನ ತೂತಿನಲ್ಲಿ. ಕಲ್ಲು ಹೋದ ಕಿವಿಗೆ ಅರಸರ ಮಾತೂ ಕೇಳಿಸಲ್ಲ, ಸತ್ತ ಹಿರಿಯರ ಮಾತೂ ಕೇಳಿಸಲ್ಲ."

"ನಾನು ಮದುವೆಯಾಗಿದ್ದು ಮನುಷ್ಯನ್ನ. ಕಲ್ಲನ್ನಲ್ಲ."

ಪಾಶ್ ನಗುತ್ತ ಎದ್ದ. ಅವನು ಅಂಗಳ ದಾಟುವ ತನಕ ಅತ್ತೆ ತಡೆದುಕೊಂಡಿದ್ದರು.

"ಏನು ಬಾಯಮ್ಮ ನಿಂದು! ಮೋ ಅಂತ ಗಿಳಿ ಹೆಸರು ಇಟ್ಟ ನಿಮ್ಮಪ್ಪನ್ನ ಅನ್ನಬೇಕು. ಮನುಷ್ಯನ್ನ ಮದುವೆಯಾದಳಂತೆ. ನಿಮ್ಮಪ್ಪ ಹೆಣ್ಣು ಕೊಡೋವಾಗ ನನ್ನ ಮಗನ ಮುಖ ನೋಡಿದ್ನಾ, ಕಿವಿ ನೋಡಿದ್ನಾ? ಕೇಳ್ಕೊಂಡು ಬಾ ಹೋಗು."

ಅತ್ತೆಯ ಮಾತಿಗೆ ಬೆಲೆ ಕೊಡಬಾರದು. ಇವರು ಬರುತ್ತಾರೆ. ಬೂದಿಯಲ್ಲಿ ಹೊರಳಿ ಬಂದರೂ ನಾನು ಇವರನ್ನು ಗುರುತು ಹಿಡಿಯುತ್ತೇನೆ. ಕತ್ತಲೆಯಲ್ಲಿ ಉಸಿರು ಕೇಳಿಯೇ ಹಿಡಿಯುತ್ತೇನೆ.

ಐದು ಅಹಾವ್

ಒಳ್ಳೆಯ ಸುದ್ದಿ. ಉಪ್ಪಿನ ದೋಣಿಯ ಮುದುಕಿ ಕೆಂಪುದಂಡೆಯ ಸಂತೆ ಮುಗಿಸಿಕೊಂಡು ಬಂದಿದ್ದಳು. ಕುಂಬಳಬೀಜದ ಗೊಜ್ಜು ಹಾಕಿ ಬೇಯಿಸಿದ ಜೋಳದ ಕಡುಬು ಕೊಟ್ಟೆ. ತಿನ್ನುತ್ತಲೇ ಹೇಳಿದಳು.

"ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದ್ರು. ಮೈ ಮೇಲೆ ಚಿಂದಿ ಇಲ್ಲ. ಕಿವಿಯಿಂದ ಎದೆ ತನಕ ಕಾಗದದ ಪಟ್ಟಿ. ಗಾಳಿ ಬೀಸಿದ್ರೆ ಪಟಪಟ ಅನ್ನೋದು. ನಿನ್ನ ಗಂಡ ಎತ್ತರದೋನಲ್ವಾ, ಎಡ ಭುಜದ ಮೇಲೆ ಸುಟ್ಟ ಕಲೆ? ಇದ್ದ ಕಣೆ. ತಲೆ ಎತ್ತಲಿಲ್ಲ."

"ಊಟ ಕೊಡ್ತಿದ್ರಾ?"

"ನಾನು ಉಪ್ಪು ಮಾರೋಳು ತಾಯಿ, ಅಡುಗೆಯೋಳಲ್ಲ." ಬೆರಳು ನೆಕ್ಕಿದಳು. "ಅವನ ಕಲ್ಲು ಮಾತ್ರ ನೋಡಿದೆ. ಅಲ್ಲಿಯ ಅರಸನ ಮೈದುನ ಹಾಕ್ಕೊಂಡಿದ್ದ. ಒಂದೇ ಹಸಿರು ಗುಂಡು ಸೀಳಿ ಮಾಡಿದ ಜೋಡಿ, ಒಳಗೆ ಬಿಳಿ ಎಳೆ, ಅಲ್ವಾ? ಅವನಿಗೆ ಒಪ್ಪಲ್ಲ ಬಿಡು. ಕಪ್ಪೆಗೆ ಹೂ ಮುಡಿಸಿದಂಗಿತ್ತು."

ನಾನು ನಕ್ಕೆ. ಇಷ್ಟು ದಿನಗಳ ಮೇಲೆ ನಗು ಬಂತು. ಕಲ್ಲು ಹೋದರೆ ಹೋಗಲಿ. ಇವರು ಕೂತಿದ್ದಾರೆ, ಗಾಳಿಗೆ ಮೈ ಒಡ್ಡಿದ್ದಾರೆ, ಇದ್ದಾರೆ.

ಒಂಬತ್ತು ಕಬಾನ್

ಬಂದರು.

ಸಂಜೆ ಮಳೆ ಸುರಿಯುತ್ತಿತ್ತು. ಹಿತ್ತಲಲ್ಲಿ ನಾಯಿ ಬೊಗಳದೆ ಬಾಲ ಅಲ್ಲಾಡಿಸುತ್ತಿದ್ದುದನ್ನು ನೋಡಿ ಹೊರಗೆ ಹೋದೆ. ಸೌದೆ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತಲೆ ಬೋಳಿಸಿದ್ದಾರೆ. ಪಕ್ಕೆಲುಬು ಲೆಕ್ಕ ಹಾಕಬಹುದು. ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಿದ್ದರು.

ಉಗ್ರಾಣದ ಕೋಣೆಗೆ ಕರೆತಂದೆ. ಕೈ ತೆಗೆಸಲು ತುಂಬ ಹೊತ್ತು ಬೇಕಾಯಿತು. ಕಲ್ಲಿನ ಹಿಂದೆ ಬೆಣೆ ಇರುತ್ತದಲ್ಲ, ಅದನ್ನು ಬಿಡಿಸದೆ ಹಾಗೇ ಎಳೆದಿದ್ದಾರೆ. ಎರಡೂ ಹಾಲೆಗಳು ಕೆಳಗಿನ ತನಕ ಸೀಳಿಹೋಗಿ ಎರಡೆರಡು ನಾಲಗೆಯ ಹಾಗೆ ಜೋತಾಡುತ್ತಿವೆ. ಕಾಗದದ ಪಟ್ಟಿಯನ್ನು ಹೇಗೆ ನಿಲ್ಲಿಸಿದ್ದರೋ. ಮುಳ್ಳು ಚುಚ್ಚಿದ ಗುರುತು ಇದೆ.

"ಬಲಿಗೆ ಬೇರೆಯವರು ಸಾಕಷ್ಟಿದ್ರು ಮೋ," ಅಂದರು. "ನನ್ನನ್ನ ಬಿಟ್ಟು ಕಳಿಸಿದ್ರು. ಹೋಗು, ನಿಮ್ಮೂರೋರು ನಿನ್ನ ಕಿವಿ ನೋಡಲಿ ಅಂದ್ರು."

ಅತ್ತೆ ಬಂದರು. ದೀಪ ಹತ್ತಿರ ಹಿಡಿದು ಮೊದಲು ಎಡ ಕಿವಿ, ಆಮೇಲೆ ಬಲ ಕಿವಿ ನೋಡಿದರು. ಮುಖ ನೋಡಲಿಲ್ಲ. "ಗಂಜಿ ಇದೆ, ಕೊಡು," ಅಂತ ನನಗೆ ಹೇಳಿ ಹೊರಟುಹೋದರು.

ಸುನೂನ್‌ಗೆ ಹೇಳಿಲ್ಲ. ಮಗುವಿನ ಬಾಯಿ, ಊರಿಗೆಲ್ಲ ಗೊತ್ತಾಗುತ್ತದೆ. ಕೆಲೆಮ್‌ಗೂ ಹೇಳಿಲ್ಲ. ಮೊದಲು ಕಿವಿ ವಾಸಿಯಾಗಲಿ. ನನ್ನ ಪ್ರಾಣ ಮನೆಗೆ ಬಂದಿದೆ. ಇನ್ನೇನು ಬೇಕು?

ಹತ್ತು ಎತ್ಸ್ನಾಬ್

ಹೊಲಿದೆ. ಮಕ್ಕಳ ಕಿವಿ ದೊಡ್ಡದು ಮಾಡುವಾಗ ಒಮ್ಮೊಮ್ಮೆ ಹಾಲೆ ಬಿರಿಯುವುದುಂಟು. ಅವಸರದ ತಾಯಂದಿರು ಸಣ್ಣ ಬಿಲ್ಲೆ ತೆಗೆದು ಒಂದೇ ಸಲ ದೊಡ್ಡದು ತುರುಕುತ್ತಾರೆ. ಆಗ ಅಂಚು ಕೆರೆದು ರಕ್ತ ಬರಿಸಿ, ಕೂಡಿಸಿ ಕಟ್ಟಿದರೆ ಕೂಡಿಕೊಳ್ಳುತ್ತದೆ. ಅಮ್ಮ ಮಾಡಿದ್ದನ್ನು ನೋಡಿದ್ದೇನೆ.

ಕಪ್ಪುಗಲ್ಲಿನ ಹೊಸ ಅಲಗಿನಿಂದ ಎರಡೂ ಕಡೆಯ ಒಣಗಿದ ಅಂಚು ಕೊಯ್ದೆ. ಮೀನಿನ ಮುಳ್ಳಿನಿಂದ ತೂತು ಮಾಡಿ ನನ್ನ ಕೂದಲಿನಿಂದಲೇ ಹೊಲಿದೆ. ಇವರು ಬಾಯಿಗೆ ಬಟ್ಟೆ ಕಚ್ಚಿಕೊಂಡಿದ್ದರು. ಮುಗಿದ ಮೇಲೆ, "ನಿನ್ನ ಕೈ ನೇಯ್ಗೆಗಿಂತ ಹೊಲಿಗೆಗೆ ವಾಸಿ," ಅಂತ ತಮಾಷೆ ಮಾಡಿದರು.

ಹಾಲೆ ಕೂಡಿದರೆ ಮತ್ತೆ ಕಡ್ಡಿಯಿಂದ ಶುರು ಮಾಡಬಹುದು. ಕಡ್ಡಿ, ಸುರುಳಿ ಎಲೆ, ಮರದ ಬಿಲ್ಲೆ. ಸುನೂನ್ ಜೊತೆಗೇ ಇವರದೂ. ಸಮಯ ಹಿಡಿಯುತ್ತದೆ. ಪಾಶ್‌ಗೆ ಏನಾದರೂ ಹೇಳಿ ತಡೆಯಬೇಕು.

ಒಂದು ಇಕ್

ಕೀವು. ಬಲಗಡೆಯ ಹೊಲಿಗೆ ಇವತ್ತು ಬೆಳಿಗ್ಗೆ ಬಿಟ್ಟಿತು, ಎಡಗಡೆಯದು ಮಧ್ಯಾಹ್ನ. ನಾರುತ್ತಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ.

ಮತ್ತೆ ಹೊಲಿಯಲು ಅಂಚೇ ಉಳಿದಿಲ್ಲ.

ಒಂಬತ್ತು ಓಕ್

ಕೆಲೆಮ್ ಬಂದು ಉಗ್ರಾಣದ ಗೋಡೆಗೇ ಒರಗಿ ಕೂತ. ಜೊಂಡಿನ ಗೋಡೆ. ಆಚೆ ಅವರು.

"ನಾಯಿ ಯಾಕೆ ಅತ್ತಿಗೆ ಈ ಬಾಗಿಲು ಬಿಟ್ಟು ಕದಲೋದೇ ಇಲ್ಲ? ಒಳಗೆ ಮಾಂಸ ಬಚ್ಚಿಟ್ಟಿದೀರಾ ಹೆಂಗೆ?"

"ಇಲಿ," ಅಂದರು ಅತ್ತೆ.

ಅವನಿಗೆ ನಗುವ ಮನಸ್ಸಿರಲಿಲ್ಲ. ಪಾಶ್‌ನ ಸೋದರಳಿಯ ಆಸನಕ್ಕೆ ಓಡಾಡುತ್ತಿದ್ದಾನಂತೆ. ತೆನೆಹಬ್ಬ ಹತ್ತಿರ ಬಂತು. "ನನಗೆ ಆಸೆ ಇಲ್ಲ ಅತ್ತಿಗೆ. ಅಣ್ಣನ ಜಾಗದಲ್ಲಿ ಕೂರೋಕೆ ಸಂಕಟ ಆಗತ್ತೆ. ಆದ್ರೆ ಸುನೂನ್‌ನ ನೋಡಿ. ಈ ಹಬ್ಬಕ್ಕೆ ಅವಳ ಕಿವಿಗೆ ಕಲ್ಲು ಬೀಳಬೇಕು. ಆಸನ ಇಲ್ಲದ ಮನೆ ಹುಡುಗಿಗೆ ಯಾರು ಕಲ್ಲು ಹಾಕಿಸ್ತಾರೆ? ಮರದ ಬಿಲ್ಲೇಲೇ ಮುದುಕಿ ಆಗ್ತಾಳೆ. ಹೊಲದೋರ ಮನೆಗೆ ಕೊಡಬೇಕಾಗತ್ತೆ. ನೆಲ ಅಗೆಯೋಕೆ, ಹೊರೆ ಹೊರೋಕೆ."

"ಅವರು ವಾಪಸ್ ಬಂದ್ರೆ?" ಅಂದೆ. ಯಾಕೆ ಕೇಳಿದೆನೋ.

ಕೆಲೆಮ್ ಕುಂಟು ಕಾಲು ಹತ್ತಿರ ಎಳೆದುಕೊಂಡ. "ಹೆಂಗೆ ಬರ್ತಾನೆ ಅನ್ನೋದರ ಮೇಲೆ ಇದೆ. ಕಲ್ಲು ಸಮೇತ ಬಂದ್ರೆ ನಾನೇ ಹೆಗಲ ಮೇಲೆ ಕೂರಿಸ್ಕೊಂಡು ಮೆರವಣಿಗೆ ಮಾಡ್ತೀನಿ. ಕಿವಿ ಹರಿಸ್ಕೊಂಡು ಬಂದ್ರೆ..." ಗೋಡೆ ಹಿಡಿದು ಎದ್ದ. "ಬರದೇ ಇರಲಿ ಅಂತ ಬೇಡ್ಕೋತೀನಿ. ನನ್ನ ನಾಲಿಗೆಗೆ ಮುಳ್ಳು ಚುಚ್ಚಲಿ, ಆದ್ರೂ ಬೇಡ್ಕೋತೀನಿ."

ಅವನು ಹೋದ ಮೇಲೆ ಉಗ್ರಾಣಕ್ಕೆ ಗಂಜಿ ತೆಗೆದುಕೊಂಡು ಹೋದೆ. ಜೊಂಡಿನ ಸಂದಿಯಿಂದ ಅಂಗಳ ನೋಡುತ್ತಿದ್ದರು. ಸುನೂನ್ ಅಲ್ಲಿ ಕೋಳಿಗಳಿಗೆ ಜೋಳ ಎರಚುತ್ತಿದ್ದಳು. ಬಗ್ಗಿದಾಗಲೆಲ್ಲ ಕಿವಿಯ ಮರದ ಬಿಲ್ಲೆ ಕೆನ್ನೆಗೆ ತಾಗುತ್ತಿತ್ತು. ಅವಳ ಹಾಲೆ ಈಗ ಚೆನ್ನಾಗಿ ಅಗಲವಾಗಿದೆ. ನಯವಾಗಿದೆ, ಒಂದು ಬಿರುಕಿಲ್ಲ.

ಹತ್ತು ಚುವೆನ್

ಅವರೇ ಹೇಳಿದರು. ನಾನು ಏನೂ ಕೇಳಲಿಲ್ಲ. ಅಂಗಳದಲ್ಲಿ ಕೂತು ಹಸಿರು ಬಣ್ಣ ಅರೆಯುತ್ತಿದ್ದೆ ಅಷ್ಟೆ. ಬಣ್ಣ ಯಾವತ್ತಾದರೂ ಬೇಕೇ ಆಗುತ್ತದೆ.

"ಯಾವುದಕ್ಕೆ ಮೋ, ಬಣ್ಣ?" ಗೋಡೆಯ ಆಚೆಯಿಂದ ಕೇಳಿದರು.

ನಾನು ಅರೆಯುತ್ತಲೇ ಇದ್ದೆ.

"ಗಂಟಿಗೆ ಕಲ್ಲು ಬೇಕಲ್ಲ. ಕಲ್ಲು ಎಲ್ಲಿಂದ ತರ್ತೀಯ? ಮರದಲ್ಲಿ ಮಾಡಿ ಬಣ್ಣ ಹಚ್ಚಿದ್ರೆ ನಡಿಯತ್ತೆ. ನಮ್ಮ ತಾತ ಒಬ್ಬರಿಗೆ ಹಂಗೇ ಮಾಡಿದ್ರು. ಒಂದು ತುಂಡು ದೇವದಾರು ಕೊಡು. ಅಲಗು ಕೊಡು. ನನಗೂ ಕೈಗೆ ಕೆಲಸ ಇಲ್ಲ."

ಕೊಟ್ಟೆ. ಸಂಜೆಯ ಹೊತ್ತಿಗೆ ಎರಡೂ ಮುಗಿದಿದ್ದವು. ಅಂಚು ಹೂವಿನ ದಳದ ಹಾಗೆ ಹೊರಳಿಸಿ, ನಡುವೆ ತೂತು ಕೊರೆದು, ಹಿಂದಕ್ಕೆ ಬೆಣೆ ಸಹ ಕೂರಿಸಿದ್ದರು. ಒಂದೇ ತುಂಡು ಸೀಳಿ ಮಾಡಿದ್ದು, ಮರದ ಎಳೆ ಎರಡರಲ್ಲೂ ಕೂಡಿ ಬರುತ್ತದೆ.

"ಬೆಣೆ ಯಾಕೆ? ಗಂಟಿಗೆ ತಾನೆ," ಅಂದೆ.

"ಇರಲಿ ಬಿಡು. ಬಿಚ್ಚೋಕೆ ಸುಲಭ ಆಗತ್ತೆ."

ಅತ್ತೆಗೆ ತೋರಿಸಿದೆ. ತಿರುಗಿಸಿ ನೋಡಿದರು. "ಕೆಲಸ ಅಚ್ಚುಕಟ್ಟು," ಅಂದರು. ಕೆಲೆಮ್‌ಗೆ ಹೇಳಿ ಕಳಿಸಿದೆ, ಹೂಳಲು ಒಪ್ಪಿದ್ದೇನೆ ಅಂತ. ಒಳ್ಳೆಯ ದಿನ ನೋಡಲಿ.

ಇವತ್ತು ಮನಸ್ಸು ಹಗುರಾಗಿದೆ. ಹೊಟ್ಟೆಗೆ ಮಾತ್ರ ಏನೂ ಸೇರುತ್ತಿಲ್ಲ. ಹೊಸ ಮಳೆಯ ನೀರು ಇರಬೇಕು.

ಐದು ಕವಾಕ್

ಹೂಳಿದ್ದಾಯಿತು. ನಡುಮನೆಯ ನೆಲ ಅಗೆದು, ಇವರ ಬಿಳಿ ಮೇಲುಹೊದಿಕೆಯಲ್ಲಿ ಗಂಟು ಕಟ್ಟಿ, ಬಾಯಿ ಇರಬೇಕಾದ ಜಾಗದಲ್ಲಿ ಜೋಳದ ಹಿಟ್ಟು ಇಟ್ಟು, ಕೆಂಪು ಪುಡಿ ಎರಚಿದರು. ಹಸಿರು ಬಿಲ್ಲೆಗಳನ್ನು ನಾನೇ ಇಟ್ಟೆ. ಇಟ್ಟ ಕೂಡಲೇ ಗಂಟು ಗಂಟಾಗಿ ಉಳಿಯಲಿಲ್ಲ. ಮುಖ ಬಂದ ಹಾಗಾಯಿತು. ಪಾಶ್ ಹೇಳಿದ್ದು ಸುಳ್ಳಲ್ಲ. ನಾನು ಅತ್ತುಬಿಟ್ಟೆ. ಮದುವೆಯಾದ ವರ್ಷ ಇವರು ಹೊಳೆಯಲ್ಲಿ ಈಜಿ ನನಗೆ ಆಮೆ ಹಿಡಿದು ತಂದದ್ದು ನೆನಪಾಗಿ ಇನ್ನಷ್ಟು ಅಳು ಬಂತು. ಎಷ್ಟು ಒಳ್ಳೆಯ ಮನುಷ್ಯ. ಅಂಥವರು ಇನ್ನು ಹುಟ್ಟುವುದಿಲ್ಲ.

ಮಣ್ಣು ಎಳೆಯುವಾಗ ಉಗ್ರಾಣದಿಂದ ಕೆಮ್ಮು ಕೇಳಿಸಿತು. ಧೂಪದ ಹೊಗೆ ಆ ಕಡೆಗೇ ಹೋಗುತ್ತಿತ್ತು. ಪಾಶ್ ತಲೆ ಎತ್ತಿದ. ಅತ್ತೆ ತಕ್ಷಣ ನೆಲಕ್ಕೆ ಬಿದ್ದು, ಯಾರಿಗೂ ಇನ್ನೇನೂ ಕೇಳಿಸದ ಹಾಗೆ, "ಅಯ್ಯೋ ನನ್ನ ಮಗನೇ" ಅಂತ ಕೂಗಿದರು. ಕೂಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಎಲ್ಲರೂ ಹೋದ ಮೇಲೂ, ಅಂಗಳ ಗುಡಿಸಿ ಆದ ಮೇಲೂ ಕೂಗುತ್ತಲೇ ಇದ್ದರು. ನಾನೂ ಕೆಲೆಮನೂ ಹಿಡಿದು ಎತ್ತಿ ಮಲಗಿಸಬೇಕಾಯಿತು.

ಆ ಹೊತ್ತಿನಲ್ಲಿ ಕೆಮ್ಮುವುದೇ? ಒಂದು ಗಳಿಗೆ ತಡೆದುಕೊಳ್ಳಬಾರದೇ? ಎಲ್ಲ ಹಾಳಾಗುತ್ತಿತ್ತು.

ಹತ್ತು ಕಾನ್

ಸುನೂನ್‌ಗೆ ಕಲ್ಲು ಹಾಕಿದರು!

ಕೆಲೆಮ್ ಹೊಸ ಆಸನದ ಮೇಲೆ ಕೂತು ತಾನೇ ಹಾಕಿದ. ಎಳೆ ಜೋಳದ ಎಲೆಯ ಬಣ್ಣದ ಕಲ್ಲು, ಬೆಳಕಿಗೆ ಹಿಡಿದರೆ ಒಳಗೆ ನೀರು ಇದ್ದ ಹಾಗೆ. ಹುಡುಗಿ ತಲೆ ಅಲ್ಲಾಡಿಸದೆ ಎಷ್ಟು ಗಂಭೀರವಾಗಿ ನಿಂತಳು! ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ, ಗಾಳಿ ಬೇರೆ ಥರ ಕೇಳಿಸ್ತಿದೆ," ಅಂದಳು. ಹಿರಿಯರ ಮನೆಯ ಹೆಂಗಸರೆಲ್ಲ ಬಂದು ಹಾಲೆ ಮುಟ್ಟಿ ನೋಡಿ ಹೊಗಳಿದರು. ಪಾಶ್‌ನ ಹೆಂಡತಿ ತನ್ನ ಮೊಮ್ಮಗನ ಮಾತು ಎತ್ತಿದಳು. ಈಗಲೇ ಏನು ಅವಸರ ಅಂದೆ. ಬೇಡ ಅನ್ನಲಿಲ್ಲ.

ಕೋಕೋ ಚೆನ್ನಾಗಿ ನೊರೆ ಬಂದಿತ್ತು. ಬೀನ್ಸು ಸ್ವಲ್ಪ ಸೀದಿತ್ತು, ಯಾರೂ ಗಮನಿಸಲಿಲ್ಲ.

ಒಳಗಿರುವವನು ಮಗಳನ್ನು ಒಂದು ಸಲ ಹತ್ತಿರದಿಂದ ನೋಡಬೇಕು ಅಂತ ಕೇಳಿದ. ಸಂಜೆ ತೋರಿಸುತ್ತೇನೆ ಅಂದಿದ್ದೆ. ನೆಂಟರ ಗದ್ದಲದಲ್ಲಿ ಮರೆತೇಹೋಯಿತು.

ಹನ್ನೊಂದು ಚಿಕ್ಚಾನ್

ಬೆಳಿಗ್ಗೆ ಅವನು ತಾನಾಗಿಯೇ ಬಾಗಿಲು ಸರಿಸಿ ಹೊರಗೆ ಬಂದ. ಬಚ್ಚಿಡುವುದಕ್ಕೆ ಇನ್ನು ಏನಿದೆ, ಅದೂ ನಿಜ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅಂಗಳದ ನಡುವೆ ನಿಂತ. ರಾತ್ರಿ ಇಲ್ಲೇ ಉಳಿದಿದ್ದ ಕೆಲೆಮ್ ಬಾಗಿಲಲ್ಲಿ ಕೂತು ಬಾಯಿ ತೊಳೆಯುತ್ತಿದ್ದ. ನೋಡಿದ. ಬಾಯಲ್ಲಿದ್ದ ನೀರು ಉಗುಳುವುದನ್ನೂ ಮರೆತ. ಎದ್ದು ಅವನ ಕಡೆಗೆ ಒಂದು ಹೆಜ್ಜೆ ಇಟ್ಟ. ಆಮೇಲೆ ಕಿವಿ ನೋಡಿದ. ಕೂತುಬಿಟ್ಟ.

ಸುನೂನ್ ಓಡಿ ಹತ್ತಿರ ಹೋದಳು. ಮಕ್ಕಳಿಗೆ ಹೆದರಿಕೆ ಇಲ್ಲ. ಕತ್ತೆತ್ತಿ ನೋಡುತ್ತ ನಿಂತಳು.

"ಅಮ್ಮ, ಇವನಿಗೆ ಅಪ್ಪನ ಮುಖ ಇದೆ."

ಅವನು ನನ್ನನ್ನು ನೋಡಿದ.

"ಮುಖ ಯಾರಿಗೆ ಬೇಕಾದ್ರೂ ಇರತ್ತೆ," ಅಂದೆ. "ಕಿವಿ ನೋಡು."

ಅವನು ಬಗ್ಗಿದ. ಅವಳಿಗೆ ಕಾಣಲಿ ಅಂತಲೇ ಬಗ್ಗಿದ ಅನಿಸುತ್ತದೆ. ಸುನೂನ್ ಒಂದು ಕಡೆ ನೋಡಿ, ಸುತ್ತಿ ಬಂದು ಇನ್ನೊಂದು ಕಡೆ ನೋಡಿದಳು. ತನ್ನ ಕಲ್ಲನ್ನು ಮುಟ್ಟಿಕೊಂಡಳು.

"ಅಪ್ಪ ಅಲ್ಲ," ಅಂದಳು. "ಹಂಗಾದ್ರೆ ಯಾರು?"

"ನೀರು ಹೊರೋಕೆ ಬಂದಿದಾನೆ."

ಅವನು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಗೋಡೆಯ ಹತ್ತಿರ ಹೋಗಿ ದೊಡ್ಡ ಕೊಡ ಎತ್ತಿದ, ಹೊರೆ ಹೊರುವ ಪಟ್ಟಿ ಹಣೆಗೆ ಹಾಕಿಕೊಂಡ, ಹೊಳೆಯ ದಾರಿ ಹಿಡಿದ. ದಾರಿ ಯಾರೂ ತೋರಿಸಬೇಕಾಗಲಿಲ್ಲ. ನಾಯಿ ಹಿಂದೆ ಹೋಯಿತು.

"ಅತ್ತಿಗೆ," ಕೆಲೆಮ್ ತಲೆ ಎತ್ತದೆ ಹೇಳಿದ, "ನೀರಿನವನಿಗೆ ಒಂದು ಹೊದಿಕೆ ಕೊಡಿ. ಬೆಳಗಿನ ಹೊತ್ತು ಚಳಿ ಇದೆ."

ಹಳೆಯದು ಒಂದು ಹುಡುಕಿ ಇಟ್ಟಿದ್ದೇನೆ.

ಹತ್ತು ಕಬಾನ್

ಬಹಳ ದಿನ ಬರೆಯಲಾಗಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಮಳೆ ಹಿಡಿದು ಕೂತಿದೆ. ಅತ್ತೆ ಮಾತು ಬಿಟ್ಟು ಎಷ್ಟೋ ದಿನವಾಯಿತು. ಒಲೆಯ ಮುಂದೆ ಕೂತಿರುತ್ತಾರೆ, ಜೋಳ ಬೇಯಿಸುವುದು ನನ್ನ ಪಾಲಿಗೇ ಬಂದಿದೆ. ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ವೈದ್ಯಳು ಯಾವುದೋ ತೊಗಟೆ ಕುದಿಸಿ ಕುಡಿಯಲು ಹೇಳಿದಳು. ಸುನೂನ್ ಕಲ್ಲಿಗೆ ಒಗ್ಗಿಕೊಂಡಿದ್ದಾಳೆ, ಈಗ ಮಲಗುವಾಗ ಮಾತ್ರ ತೆಗೆಯುತ್ತಾಳೆ.

ಇವತ್ತು ನೀರಿನವನು ಅಂಗಳದಲ್ಲಿ ಜಾರಿ ದೊಡ್ಡ ಕೊಡ ಒಡೆದ. ಪಾಶ್‌ನ ಹೆಂಡತಿ ಬಂದು ಕೂತಿದ್ದಳು, ಅವಳ ಹೊಸ ಲಂಗದ ಮೇಲೆಲ್ಲ ಕೆಸರು. ನಾನು ಗದರಿದೆ. ಜೋರಾಗಿಯೇ ಗದರಿದೆ, ಗದರದಿದ್ದರೆ ಅವಳು ಏನಂದುಕೊಳ್ಳುತ್ತಿದ್ದಳು. ಅವನು ಚೂರುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದ. ಅಂಗೈ ಕೊಯ್ದು ರಕ್ತ ಬಂದಿತ್ತು.

"ಇನ್ನು ಮೇಲೆ ಹುಷಾರಾಗಿರ್ತೀನಿ ಅಮ್ಮಾವ್ರೆ," ಅಂದ.

ಸದ್ಯ, ಎದುರು ಮಾತಾಡುವ ಅಭ್ಯಾಸ ಇಲ್ಲ. ನಾಳೆ ಕುಂಬಾರರ ಕೇರಿಗೆ ಹೋಗಬೇಕು. ಈ ಸಲ ಸ್ವಲ್ಪ ಚಿಕ್ಕ ಕೊಡ ತರುತ್ತೇನೆ, ಅವನ ಎಡ ಭುಜದಲ್ಲಿ ಶಕ್ತಿ ಸಾಲದು.